ಹತ್ತನೆಯ ತರಗತಿಯ ನಂತರ: ಯಾವ ಬಾಗಿಲು ತೆರೆಯುತ್ತದೆ, ಯಾವುದು ಮುಚ್ಚುತ್ತದೆ?

ಎಸ್.ಎಸ್.ಎಲ್.ಸಿ. ಫಲಿತಾಂಶ ಹೊರಬಿದ್ದ ದಿನ ಮನೆಗೆ ಬಂದವರೆಲ್ಲ ಕೇಳುವುದು ಎರಡೇ ಪ್ರಶ್ನೆ: ಎಷ್ಟು ಬಂತು? ಮುಂದೇನು? ಮೊದಲನೆಯದಕ್ಕೆ ಉತ್ತರ ಅಂಕಪಟ್ಟಿಯಲ್ಲಿದೆ. ಎರಡನೆಯದಕ್ಕೆ ಉತ್ತರ ಹೇಳಬೇಕಾದವರು ನೀವು. ಆದರೆ ಅನೇಕ ಮನೆಗಳಲ್ಲಿ ಚಿಕ್ಕಪ್ಪನೋ ಪಕ್ಕದ ಮನೆಯವರೋ ಉತ್ತರ ಹೇಳಿ ಮುಗಿಸಿರುತ್ತಾರೆ. ಅಂಕ ಹೆಚ್ಚಿದ್ದರೆ ವಿಜ್ಞಾನ, ಸಾಧಾರಣವಿದ್ದರೆ ವಾಣಿಜ್ಯ, ಕಡಿಮೆಯಿದ್ದರೆ ಕಲೆ ಎಂಬುದು ಅವರ ಲೆಕ್ಕ. ಈ ಲೆಕ್ಕದಲ್ಲಿ ಅಂಕವಿದೆ, ವಿದ್ಯಾರ್ಥಿ ಇಲ್ಲ.

ವಿದ್ಯಾರ್ಥಿ ಮಿತ್ರರೇ, ವಿಷಯ ಆರಿಸುವಾಗ ಯಾವುದು ದೊಡ್ಡದು, ಯಾವುದು ಚಿಕ್ಕದು ಎಂದು ಕೇಳಬೇಡಿ. ಇದನ್ನು ಆರಿಸಿದರೆ ನನಗೆ ಯಾವ ಬಾಗಿಲು ತೆರೆದಿರುತ್ತದೆ, ಯಾವುದು ಮುಚ್ಚುತ್ತದೆ, ಮುಚ್ಚಿದ ಬಾಗಿಲಿಗೆ ಬೇರೆ ದಾರಿ ಇದೆಯೇ ಎಂದು ಕೇಳಿ.

ನಾಲ್ಕು ವಿಷಯಗಳ ಆಯ್ಕೆ

ನಮ್ಮ ರಾಜ್ಯದ ಪಿ.ಯು.ಸಿ.ಯಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯಗಳಿರುತ್ತವೆ. ಮುಂದಿನ ಓದನ್ನು ಬಹುಮಟ್ಟಿಗೆ ನಿರ್ಧರಿಸುವುದು ಈ ನಾಲ್ಕು.

ವಿಜ್ಞಾನ ವಿಭಾಗದಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಜೊತೆಗೆ ನಾಲ್ಕನೆಯದಾಗಿ ಜೀವಶಾಸ್ತ್ರ, ಗಣಕ ವಿಜ್ಞಾನ, ಎಲೆಕ್ಟ್ರಾನಿಕ್ಸ್ ಅಥವಾ ಸಂಖ್ಯಾಶಾಸ್ತ್ರವನ್ನು ಆರಿಸುವುದು ರೂಢಿ. ಇಂಜಿನಿಯರಿಂಗಿಗೆ ಭೌತಶಾಸ್ತ್ರ, ಗಣಿತ ಬೇಕು. ವೈದ್ಯಕೀಯ, ದಂತವೈದ್ಯ, ಆಯುರ್ವೇದ, ಪಶುವೈದ್ಯ ಶಿಕ್ಷಣಗಳಿಗೆ ಜೀವಶಾಸ್ತ್ರ ಬೇಕು. ಆದುದರಿಂದ ಗಣಕ ವಿಜ್ಞಾನಕ್ಕಾಗಿ ಜೀವಶಾಸ್ತ್ರವನ್ನು ಬಿಟ್ಟವರು ವೈದ್ಯಕೀಯದ ಬಾಗಿಲನ್ನು ತಾವೇ ಎಳೆದುಕೊಂಡಂತೆ. ಇದರಲ್ಲಿ ತಪ್ಪೇನಿಲ್ಲ, ತಿಳಿದು ಎಳೆದುಕೊಂಡಿರಬೇಕು, ಅಷ್ಟೇ. ಇನ್ನೂ ಮನಸ್ಸು ಗಟ್ಟಿಯಾಗದವರಿಗೆ ಪಿ.ಸಿ.ಎಂ.ಬಿ. ಎರಡೂ ಬಾಗಿಲುಗಳನ್ನು ತೆರೆದಿಡುತ್ತದೆ. ಅದರ ಬೆಲೆಯೆಂದರೆ ಹೆಚ್ಚಿನ ಓದಿನ ಹೊರೆ.

ವಾಣಿಜ್ಯ ವಿಭಾಗದಲ್ಲಿ ಲೆಕ್ಕಶಾಸ್ತ್ರ ಮತ್ತು ವ್ಯವಹಾರ ಅಧ್ಯಯನದ ಜೊತೆಗೆ ಬರುವ ವಿಷಯಗಳನ್ನು ಸರಿಯಾಗಿ ನೋಡಿ. ಗಣಿತವೆಂದರೆ ಭಯವೆಂದು ಅದರಿಂದ ದೂರ ಓಡಿ ವಾಣಿಜ್ಯಕ್ಕೆ ಬಂದವರುಂಟು. ಆದರೆ ಚಾರ್ಟರ್ಡ್ ಅಕೌಂಟೆಂಟ್ ಆಗಲು ಬರೆಯಬೇಕಾದ ಮೊದಲ ಹಂತದ ಪರೀಕ್ಷೆಯಲ್ಲಿಯೂ ಗಣಿತ, ಸಂಖ್ಯಾಶಾಸ್ತ್ರದ ಪತ್ರಿಕೆ ಇದೆ. ಆ ದಾರಿ ಬೇಕೆನ್ನುವವರು ಸಂಖ್ಯಾಶಾಸ್ತ್ರ ಅಥವಾ ಮೂಲಗಣಿತ ಇರುವ ಸಂಯೋಜನೆಯನ್ನು ಆರಿಸುವುದು ಒಳಿತು.

ಕಲಾ ವಿಭಾಗದ ಬಗ್ಗೆ ಇರುವಷ್ಟು ತಪ್ಪು ಕಲ್ಪನೆ ಬೇರೆ ಯಾವುದರ ಬಗ್ಗೆಯೂ ಇಲ್ಲ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಓದಿದವರಿಗೆ ಐದು ವರ್ಷದ ಕಾನೂನು ಪದವಿ, ಪತ್ರಿಕೋದ್ಯಮ, ಸಮಾಜಕಾರ್ಯ, ಶಿಕ್ಷಕ ವೃತ್ತಿ ಇವೆಲ್ಲ ತೆರೆದಿವೆ. ಐ.ಎ.ಎಸ್., ಕೆ.ಎ.ಎಸ್. ಪರೀಕ್ಷೆಗಳಿಗೆ ಯಾವುದೇ ಪದವಿ ಸಾಕು. ಆ ಪರೀಕ್ಷೆಗಳಲ್ಲಿ ಕೇಳುವ ಇತಿಹಾಸ, ಸಂವಿಧಾನಗಳನ್ನು ಕಲಾ ವಿದ್ಯಾರ್ಥಿ ಎರಡು ವರ್ಷ ಮೊದಲೇ ಓದಲು ಆರಂಭಿಸಿರುತ್ತಾನೆ.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ವಿಜ್ಞಾನ ಓದಿದವರು ಪಿ.ಯು.ಸಿ. ನಂತರ ಬಿ.ಎ. ಅಥವಾ ಕಾನೂನಿಗೆ ಹೋಗಬಹುದು; ಕಲೆ ಓದಿದವರು ಭೌತಶಾಸ್ತ್ರದ ಬಿ.ಎಸ್ಸಿ.ಗೆ ಹೋಗುವಂತಿಲ್ಲ. ಹಾಗೆಂದು ಎಲ್ಲರೂ ವಿಜ್ಞಾನಕ್ಕೆ ನುಗ್ಗಬೇಕೆಂದಲ್ಲ. ತೆರೆದ ಬಾಗಿಲಿನ ಮುಂದೆ ಎರಡು ವರ್ಷ ಆಸಕ್ತಿಯಿಲ್ಲದೆ ಕುಳಿತು, ಅನುತ್ತೀರ್ಣರಾಗಿ, ಓದನ್ನೇ ಬಿಟ್ಟವರಿಗೆ ಅದು ತೆರೆದಿದ್ದರಿಂದ ಪ್ರಯೋಜನವೇನು?

ದಾರಿ ಬೇರೆ, ದೂರ ಒಂದೇ

ಪಿ.ಯು.ಸಿ. ಒಂದೇ ದಾರಿಯಲ್ಲ. ಎಸ್.ಎಸ್.ಎಲ್.ಸಿ. ನಂತರ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಓದಬಹುದು. ಡಿಪ್ಲೊಮಾ ಮುಗಿಸಿದವರು ಪ್ರವೇಶ ಪರೀಕ್ಷೆ ಬರೆದು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರವಾಗಿ ಸೇರುತ್ತಾರೆ. ಈಗ ಲೆಕ್ಕ ಹಾಕಿ ನೋಡಿ. ಪಿ.ಯು.ಸಿ. 2 ವರ್ಷ, ಇಂಜಿನಿಯರಿಂಗ್ 4 ವರ್ಷ, ಒಟ್ಟು 6. ಡಿಪ್ಲೊಮಾ 3 ವರ್ಷ, ಇಂಜಿನಿಯರಿಂಗ್ 3 ವರ್ಷ, ಒಟ್ಟು 6. ಎರಡು ವರ್ಷದ ಐ.ಟಿ.ಐ. ಮುಗಿಸಿದವರಿಗೆ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಸೇರುವ ಅವಕಾಶವಿದೆ. ಆ ದಾರಿಯಲ್ಲಿ ಪದವಿಗೆ ಹಿಡಿಯುವುದು 7 ವರ್ಷ, ಅಂದರೆ ಒಂದೇ ವರ್ಷ ಹೆಚ್ಚು. ನಡುವೆ ಮನೆಯ ಪರಿಸ್ಥಿತಿ ಕೆಟ್ಟು ಓದು ನಿಲ್ಲಿಸಬೇಕಾದರೆ ಐ.ಟಿ.ಐ. ಅಥವಾ ಡಿಪ್ಲೊಮಾ ಮುಗಿಸಿದವರ ಕೈಯಲ್ಲಿ ಒಂದು ಕಸುಬು ಇರುತ್ತದೆ. ಬಡ ಕುಟುಂಬದ ಮಕ್ಕಳಿಗೆ ಇದು ಸಣ್ಣ ಮಾತಲ್ಲ.

ಭಾಷೆಯ ಅಂಜಿಕೆ

ಕನ್ನಡ ಮಾಧ್ಯಮದಲ್ಲಿ ಓದಿ ವಿಜ್ಞಾನಕ್ಕೆ ಸೇರಿದವರು ಮೊದಲ ಕೆಲವು ತಿಂಗಳು ತತ್ತರಿಸುವುದು ಬುದ್ಧಿ ಸಾಲದೆ ಅಲ್ಲ, ಪದ ಗೊತ್ತಿಲ್ಲದೆ. ವೇಗೋತ್ಕರ್ಷವನ್ನು ಚೆನ್ನಾಗಿ ಬಲ್ಲ ಹುಡುಗಿ ‘ಆಕ್ಸಲರೇಷನ್’ ಎಂದಾಗ ಬೆದರುತ್ತಾಳೆ. ದ್ಯುತಿಸಂಶ್ಲೇಷಣೆ ಗೊತ್ತಿದ್ದವನು ‘ಫೋಟೋಸಿಂಥಸಿಸ್’ ಎಂದರೆ ತಲೆ ತಗ್ಗಿಸುತ್ತಾನೆ. ರಜೆಯಲ್ಲಿ ಹತ್ತನೆಯ ತರಗತಿಯ ಕನ್ನಡ ಮತ್ತು ಇಂಗ್ಲಿಷ್ ವಿಜ್ಞಾನ ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟುಕೊಂಡು ದಿನಕ್ಕೆ ಹತ್ತು ಜೋಡಿ ಪದ ಬರೆದರೆ ಒಂದು ತಿಂಗಳಿಗೆ ಮುನ್ನೂರು ಪದಗಳಾಗುತ್ತವೆ. ಈ ಅಂಜಿಕೆಯೊಂದಕ್ಕಾಗಿ ಇಷ್ಟವಾದ ವಿಷಯವನ್ನು ಬಿಡಬೇಡಿ.

ಕನ್ನಡ ಮಾಧ್ಯಮ ಕೆಲವೆಡೆ ನೆರವಿಗೂ ಬರುತ್ತದೆ. 1ರಿಂದ 10ನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ವೃತ್ತಿ ಶಿಕ್ಷಣದ ಸರ್ಕಾರಿ ಸೀಟುಗಳಲ್ಲಿ ಶೇ. 5, ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15 ಮೀಸಲಾತಿ ಇದೆ. ಇದಕ್ಕೆ ಬೇಕಾದ ವ್ಯಾಸಂಗ ಪ್ರಮಾಣಪತ್ರಗಳಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿ ಮಾಡಿಸಿ ಈಗಲೇ ಇಟ್ಟುಕೊಳ್ಳಿ. ಕೊನೆಯ ಗಳಿಗೆಯಲ್ಲಿ ಓಡಾಡಿ ಅವಕಾಶ ಕಳೆದುಕೊಳ್ಳುವುದು ಬೇಡ.

ಮನೆಯಲ್ಲಿ ಕುಳಿತು

ಒಂದು ಹಾಳೆ ತೆಗೆದುಕೊಳ್ಳಿ. ಯಾರೂ ಹೇಳದಿದ್ದರೂ ನೀವಾಗಿಯೇ ತೆರೆದು ಓದುವ ಪುಸ್ತಕ ಯಾವುದು, ಮೂರು ವರ್ಷಗಳಲ್ಲಿ ಸ್ಥಿರವಾಗಿ ಅಂಕ ಬಂದ ವಿಷಯ ಯಾವುದು, ಮನೆಯವರು ಎಷ್ಟು ವರ್ಷ, ಎಷ್ಟು ಖರ್ಚು ಭರಿಸಬಲ್ಲರು ಎಂಬ ಮೂರು ಉತ್ತರ ಬರೆಯಿರಿ. ಅದನ್ನು ಹಿಡಿದು ಶಾಲೆಯ ಶಿಕ್ಷಕರನ್ನೂ, ಆ ವಿಷಯ ಈಗ ಓದುತ್ತಿರುವ ಇಬ್ಬರನ್ನೂ ಕಂಡು ಮಾತನಾಡಿ.

ತಂದೆತಾಯಿಗಳಿಗೂ ಒಂದು ಮಾತು. ಹತ್ತಿರದ ಕಾಲೇಜಿನಲ್ಲಿ ಆ ವಿಷಯವಿಲ್ಲ ಎಂಬ ಒಂದೇ ಕಾರಣಕ್ಕೆ ಮಗಳ ಆಯ್ಕೆಯನ್ನು ಬದಲಿಸುವ ಮೊದಲು ಸರ್ಕಾರಿ ವಿದ್ಯಾರ್ಥಿನಿಲಯ, ಬಸ್ ಪಾಸುಗಳ ಬಗ್ಗೆ ವಿಚಾರಿಸಿ. ಎರಡು ವರ್ಷದ ಪ್ರಯಾಣದ ತೊಂದರೆ ಮುಗಿದು ಹೋಗುತ್ತದೆ. ಒಲ್ಲದ ವಿಷಯದೊಂದಿಗೆ ಬದುಕುವವಳು ಅವಳು.