ಗಡ್ಡೆ ಹೋಗಲಿ, ಮೂತ್ರಪಿಂಡ ಉಳಿಯಲಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ - ನೀವು ಎಲ್ಲೇ ಪಾಠ ಮಾಡುತ್ತಿರಿ, ಈ ಪ್ರಯೋಗಕ್ಕೆ ಒಂದು ರಟ್ಟಿನ ಪೆಟ್ಟಿಗೆ, ಒಂದು ಉದ್ದನೆಯ ಕಡ್ಡಿ ಸಾಕು. ಪೆಟ್ಟಿಗೆಗೆ ಸಣ್ಣ ರಂಧ್ರ ಕೊರೆದು ಕಡ್ಡಿಯನ್ನು ತೂರಿಸಿ. ಹೊರಗಿನ ತುದಿಯನ್ನು ಎಡಕ್ಕೆ ಸರಿಸಿದರೆ ಒಳಗಿನ ತುದಿ ಬಲಕ್ಕೆ ಹೋಗುತ್ತದೆ. ರಂಧ್ರದ ಅಂಚೇ ಆಧಾರ ಬಿಂದುವಾಗಿ ಕಡ್ಡಿ ಒಂದನೇ ವರ್ಗದ ಸನ್ನೆಯಾಗಿದೆ. ಹೊಟ್ಟೆಯನ್ನು ಉದ್ದಕ್ಕೆ ಸೀಳದೆ ಸಣ್ಣ ರಂಧ್ರಗಳಿಂದ ಮಾಡುವ ಲ್ಯಾಪರೊಸ್ಕೋಪಿಯಲ್ಲಿ ವೈದ್ಯರು ಇಂಥ ತಿರುಗುಮುರುಗಾದ ಚಲನೆಯಲ್ಲೇ ಕೆಲಸ ಮಾಡಬೇಕು. ಕೊಯ್ಯುವುದು ಹೇಗೋ ಆದೀತು. ಹೊಲಿಯುವುದು ಬಲು ಕಷ್ಟ. ನೆಟ್ಟಗಿನ ಉಪಕರಣಕ್ಕೆ ಮಣಿಕಟ್ಟು ಇಲ್ಲವಲ್ಲ!

ಇಲ್ಲಿ ನೆರವಿಗೆ ಬರುವುದೇ ರೋಬಾಟ್. ತಾನೇ ಆಪರೇಷನ್ ಮಾಡುವ ಯಂತ್ರವೆಂದು ಕಲ್ಪಿಸಿಕೊಳ್ಳಬೇಡಿ. ಅಮೆರಿಕದಲ್ಲಿ 2000ರಲ್ಲಿ ಅನುಮತಿ ಪಡೆದ 'ಡಾ ವಿಂಚಿ'ಯಂಥ ವ್ಯವಸ್ಥೆಯಲ್ಲಿ ವೈದ್ಯರು ತುಸು ದೂರ ಕುಳಿತು, ಹಿಗ್ಗಿಸಿದ ಮೂರು ಆಯಾಮದ ಚಿತ್ರ ನೋಡುತ್ತ ಹಿಡಿಕೆಗಳನ್ನು ಆಡಿಸುತ್ತಾರೆ. ಗಣಕವು ಎಡಬಲದ ಗೊಂದಲವನ್ನು ಸರಿಪಡಿಸುತ್ತದೆ, ಕೈನಡುಕವನ್ನು ಸೋಸುತ್ತದೆ. ಕೈ 3 ಸೆಂ.ಮೀ. ಸರಿದರೆ ಉಪಕರಣ 1 ಸೆಂ.ಮೀ. ಮಾತ್ರ ಸರಿಯುವಂತೆ ಹೊಂದಿಸಲೂಬಹುದು. ಉಪಕರಣದ ತುದಿ ಮಣಿಕಟ್ಟಿನಂತೆ ಬಾಗಿ ತಿರುಗುತ್ತದೆ.

ಇದರ ಬೆಲೆ ತಿಳಿಯುವುದು ಮೂತ್ರಪಿಂಡದ ಕ್ಯಾನ್ಸರಿನಲ್ಲಿ. ಹಿಂದೆ ಗಡ್ಡೆ ಚಿಕ್ಕದಿದ್ದರೂ ಇಡೀ ಮೂತ್ರಪಿಂಡವನ್ನೇ ತೆಗೆಯುವುದು ರೂಢಿಯಾಗಿತ್ತು. ಈಗ 4 ಸೆಂ.ಮೀ. ಒಳಗಿನದಾದರೆ, ಸಾಧ್ಯವಿದ್ದಲ್ಲೆಲ್ಲ, ಗಡ್ಡೆಯನ್ನಷ್ಟೇ ತೆಗೆದು ಉಳಿದುದನ್ನು ಹೊಲಿಯುತ್ತಾರೆ. ತೊಡಕೊಂದಿದೆ. ಹೃದಯ ಹೊರಹಾಕುವ ರಕ್ತದ ಸುಮಾರು ಐದನೇ ಒಂದು ಪಾಲು ಮೂತ್ರಪಿಂಡಗಳಿಗೇ ಹೋಗುತ್ತದೆ. ಆದ್ದರಿಂದ ಅಪಧಮನಿಯನ್ನು ಚಿಮಟದಿಂದ ಒತ್ತಿ ರಕ್ತ ನಿಲ್ಲಿಸಬೇಕು. ಸುಮಾರು 25-30 ನಿಮಿಷ ಮೀರಿದರೆ, ಉಳಿಸಬೇಕೆಂದಿದ್ದ ಭಾಗಕ್ಕೇ ಹಾನಿ! ಅಷ್ಟರೊಳಗೆ ಕೊಯ್ದು ಹೊಲಿಯಲು ಮಣಿಕಟ್ಟುಳ್ಳ ಉಪಕರಣ ಒದಗುತ್ತದೆ. ರೋಬಾಟ್ ಇಲ್ಲದೆ, ಹೊಟ್ಟೆ ತೆರೆದೂ ಮೂತ್ರಪಿಂಡವನ್ನು ಉಳಿಸಬಹುದು. ಗಾಯ ದೊಡ್ಡದು, ಚೇತರಿಕೆ ನಿಧಾನ.

ಯಂತ್ರ ದೊಡ್ಡ ಊರಿನಲ್ಲಿದೆ, ನಮಗೇನು ಎನ್ನುವಿರಾ? ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ಕೂಡ್ಲಿಗಿಯಿಂದ 200 ಕಿ.ಮೀ.ಗೂ ಹೆಚ್ಚು ದೂರ, ನಿಜ. ಆದರೆ ಚಿಕ್ಕ ಗಡ್ಡೆ ಸಾಮಾನ್ಯವಾಗಿ ನೋಯುವುದಿಲ್ಲ. ಎಷ್ಟೋ ಸಲ ಅದು ಕಲ್ಲಿನ ನೋವಿಗೋ ಬೇರಾವುದಕ್ಕೋ ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ಅಕಸ್ಮಾತ್ತಾಗಿ ಕಾಣುತ್ತದೆ. ಆ ವರದಿಯನ್ನು 'ನೋವಿಲ್ಲವಲ್ಲ' ಎಂದು ಟ್ರಂಕಿನಲ್ಲಿಟ್ಟು, ಗಡ್ಡೆ ಬೆಳೆದು ದೊಡ್ಡ ರಕ್ತನಾಳಕ್ಕೆ ಹಬ್ಬಿದ ಮೇಲೆ ಹೋದರೆ ರೋಬಾಟ್ ಇದ್ದೂ ಅಂಗ ಉಳಿಯುವುದು ಕಷ್ಟ. ನೋವಿಲ್ಲದೆ ಮೂತ್ರದಲ್ಲಿ ರಕ್ತ ಕಂಡರೂ ತಡಮಾಡಬಾರದು.

ಹೋದವರು 'ರೋಬಾಟೇ ಬೇಕು' ಎಂದು ಹಟ ಹಿಡಿಯುವುದೂ ಉಂಟು. ಅವರಿಗೆ ಇದನ್ನು ತಿಳಿಸಿ: ಆರಂಭದ ಹಂತದ ಗರ್ಭಕೊರಳಿನ ಕ್ಯಾನ್ಸರ್ ಕುರಿತ ಅಂತರರಾಷ್ಟ್ರೀಯ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಲ್ಯಾಪರೊಸ್ಕೋಪಿ ಅಥವಾ ರೋಬಾಟ್ ಮೂಲಕ ಗರ್ಭಕೋಶ ತೆಗೆಸಿಕೊಂಡವರಲ್ಲಿ ನಾಲ್ಕೂವರೆ ವರ್ಷಗಳ ಬಳಿಕ ರೋಗಮುಕ್ತರಾಗಿದ್ದವರು ಶೇ. 86, ಹೊಟ್ಟೆ ತೆರೆದು ಮಾಡಿಸಿಕೊಂಡವರಲ್ಲಿ ಶೇ. 96.5. ಆ ಕ್ಯಾನ್ಸರಿಗೆ ವೈದ್ಯರು ಬಹುಮಟ್ಟಿಗೆ ಹಳೆಯ ಉದ್ದ ಗಾಯಕ್ಕೇ ಮರಳಿದರು.