ಒಣಸೀಮೆಯ ಬಾಳು, ಕಡಲ ಕರೆಯ ಬಾಳು

ಬೇಸಗೆಯಲ್ಲಿ ರೇಡಿಯೋದ ಹವಾಮಾನ ವರದಿಯನ್ನು ಕಿವಿಗೊಟ್ಟು ಕೇಳುವವರು ಒಂದು ವಿಚಿತ್ರವನ್ನು ಗಮನಿಸಿರಬಹುದು. ಚಿತ್ರದುರ್ಗದಲ್ಲಿ ಗರಿಷ್ಠ ಉಷ್ಣಮಾನ 38 ಡಿಗ್ರಿ, ಮಂಗಳೂರಿನಲ್ಲಿ 34 ಡಿಗ್ರಿ ಎಂದು ವಾರ್ತಾವಾಚಕರು ಹೇಳಿದರೆ, ಮಂಗಳೂರು ನಾಲ್ಕು ಡಿಗ್ರಿಯಷ್ಟು ಹಿತವಾದ ಊರೆಂದು ನಾವು ಲೆಕ್ಕ ಹಾಕುತ್ತೇವೆ. ಆದರೆ ಚಳ್ಳಕೆರೆಯಿಂದ ಮಂಗಳೂರಿಗೆ ಮೇ ತಿಂಗಳಲ್ಲಿ ಮದುವೆಗೆ ಹೋಗಿಬಂದ ನೆಂಟರನ್ನು ಕೇಳಿ ನೋಡಿ. "ಅಯ್ಯೋ, ಆ ಸೆಕೆ ಯಾರಿಗೆ ಬೇಕು! ನಮ್ಮೂರ ಬಿಸಿಲೇ ವಾಸಿ" ಎಂದುಬಿಡುತ್ತಾರೆ. ಮಂಗಳೂರಿನಿಂದ ಚಳ್ಳಕೆರೆಗೆ ವರ್ಗವಾಗಿ ಬಂದವರನ್ನು ಕೇಳಿದರೆ, "ಈ ಊರಿನಲ್ಲಿ ಕಣ್ಣಿಗೆ ಒಂದು ಹಸಿರೆಲೆ ಕಾಣದಲ್ಲ" ಎಂದು ನಿಟ್ಟುಸಿರು ಬಿಡುತ್ತಾರೆ. ಇಬ್ಬರ ಮಾತೂ ಸುಳ್ಳಲ್ಲ. ಹಾಗಾದರೆ ಬಾಳಲು ಯಾವ ಊರು ಲೇಸು? ಈ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಒಂದು ಮಾತು. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳನ್ನು ಜನ ಬೇಸರದಲ್ಲಿ 'ಮರುಭೂಮಿ' ಎನ್ನುವುದುಂಟು. ಶಾಸ್ತ್ರದ ಪ್ರಕಾರ ಅದು ಸರಿಯಲ್ಲ. ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಮೆ ಮಳೆ ಬೀಳುವ ಜೈಸಲ್ಮೇರದಂಥ ಪ್ರದೇಶಕ್ಕೆ ಮರುಭೂಮಿಯೆಂದು ಹೆಸರು. ನಮ್ಮ ಈ ಎರಡು ತಾಲ್ಲೂಕುಗಳಲ್ಲಿ ಸರಾಸರಿ 500 ಮಿಲಿಮೀಟರಿನ, ಎಂದರೆ ಸುಮಾರು 20 ಅಂಗುಲದ, ಆಸುಪಾಸಿನಲ್ಲಿ ಮಳೆಯಾಗುತ್ತದೆ. ಇದು ಅರೆ ಒಣನಾಡು. ಕರ್ನಾಟಕದಲ್ಲಿ ಅತಿ ಕಡಮೆ ಮಳೆ ಕಾಣುವ ಸೀಮೆಗಳಲ್ಲಿ ಒಂದು. ಮಂಗಳೂರಿನಲ್ಲಿಯಾದರೋ ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಒಂದೇ ರಾಜ್ಯದ ಎರಡು ಊರುಗಳ ನಡುವೆ ಏಳು ಪಟ್ಟು ಅಂತರ!

ಈ ಅಂತರಕ್ಕೆ ಕಾರಣ ಪಶ್ಚಿಮಘಟ್ಟ. ಜೂನ್ ತಿಂಗಳಲ್ಲಿ ಅರಬ್ಬೀ ಸಮುದ್ರದಿಂದ ನೀರಿನ ಆವಿಯನ್ನು ಹೊತ್ತು ಬರುವ ಗಾಳಿ ಘಟ್ಟವನ್ನು ಏರಬೇಕಾಗುತ್ತದೆ. ಏರಿದಂತೆ ತಣ್ಣಗಾಗುತ್ತದೆ, ತಣ್ಣಗಾದ ಗಾಳಿ ಆವಿಯನ್ನು ಹಿಡಿದಿಡಲಾರದೆ ಅಲ್ಲಿಯೇ ಮಳೆಯಾಗಿ ಸುರಿಸಿಬಿಡುತ್ತದೆ. ಘಟ್ಟವನ್ನು ದಾಟಿ ಮೂಡಣ ಮಗ್ಗುಲಿಗೆ ಇಳಿಯುವಾಗ ಅದು ಮತ್ತೆ ಬಿಸಿಯಾಗಿ ಒಣಗುತ್ತದೆ. ಚಳ್ಳಕೆರೆಯ ಆಕಾಶದಲ್ಲಿ ಆಷಾಢದ ಮೋಡಗಳು ಓಡುತ್ತವೆ, ಗಾಳಿ ಭೋರೆನ್ನುತ್ತದೆ, ಹನಿ ಮಾತ್ರ ಬೀಳದು. ಇಲ್ಲಿಯ ರೈತರು ಕಾಯುವುದು ಬಹುಮಟ್ಟಿಗೆ ಉತ್ತರೆ, ಹಸ್ತ, ಚಿತ್ತೆ ಮಳೆಗಳನ್ನು. ಸೆಪ್ಟೆಂಬರ್–ಅಕ್ಟೋಬರ್ ತಿಂಗಳಲ್ಲಿ ಅವು ಕೈಕೊಟ್ಟರೆ ಆ ವರ್ಷದ ಬಾಳು ಕಷ್ಟವೇ.

ಬಿಸಿಲು ಮತ್ತು ಸೆಕೆ

ಈಗ ನೆಂಟರ ದೂರಿಗೆ ಬರೋಣ. ನಮ್ಮ ಮೈ ತಂಪಾಗುವುದು ಬೆವರು ಆರುವುದರಿಂದ. ನೀರು ಆವಿಯಾಗಬೇಕಾದರೆ ಅದಕ್ಕೆ ಶಾಖ ಬೇಕು. ಆ ಶಾಖವನ್ನು ಬೆವರು ನಮ್ಮ ಚರ್ಮದಿಂದಲೇ ತೆಗೆದುಕೊಳ್ಳುತ್ತದೆ. ಚಳ್ಳಕೆರೆಯ ಗಾಳಿ ಒಣಗಿರುವುದರಿಂದ ಬೆವರು ಹುಟ್ಟುತ್ತಲೇ ಆರಿಹೋಗುತ್ತದೆ. ಮಂಗಳೂರಿನ ಗಾಳಿಯಲ್ಲಿ ಆಗಲೇ ಆವಿ ತುಂಬಿರುತ್ತದೆ. ಬೆವರು ಆರದೆ ಮೈಮೇಲೆ ಹರಿಯುತ್ತದೆ, ಮೈ ತಂಪಾಗುವುದಿಲ್ಲ. ಇದನ್ನು ಪರೀಕ್ಷಿಸಲು ಪ್ರಯೋಗಶಾಲೆ ಬೇಕಿಲ್ಲ. ಒಂದು ಮಣ್ಣಿನ ಮಡಕೆ ಸಾಕು. ಚಳ್ಳಕೆರೆಯಲ್ಲಿ ಮಡಕೆಯ ನೀರು ಗಂಟಲಿಗೆ ಹಿತವಾಗುವಷ್ಟು ತಣ್ಣಗಾಗುತ್ತದೆ. ಅದೇ ಮಡಕೆ ಮಂಗಳೂರಿನಲ್ಲಿ ಅಷ್ಟು ಕೆಲಸ ಮಾಡದು.

ರಾತ್ರಿಯ ವಿಷಯವೂ ಹೀಗೆಯೇ. ನೆಲ ಬೇಗ ಕಾಯುತ್ತದೆ, ಬೇಗ ಆರುತ್ತದೆ. ಕಡಲು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಆದ್ದರಿಂದ ಕಡಲ ಕರೆಯಲ್ಲಿ ಹಗಲಿರುಳುಗಳ ಉಷ್ಣಮಾನಕ್ಕೆ ಹೆಚ್ಚು ವ್ಯತ್ಯಾಸವಿಲ್ಲ. ಚಳಿಗಾಲದಲ್ಲಿಯೂ ಅದು 20 ಡಿಗ್ರಿಗಿಂತ ಬಹಳ ಕೆಳಕ್ಕೆ ಇಳಿಯುವುದು ಅಪರೂಪ. ಒಣಸೀಮೆಯಲ್ಲಿಯಾದರೆ ಹಗಲೆಲ್ಲ ಕಾದ ನೆಲ ನಿರ್ಮಲವಾದ ಆಕಾಶಕ್ಕೆ ತನ್ನ ಶಾಖವನ್ನೆಲ್ಲ ಒಪ್ಪಿಸಿ ಬೆಳಗಿನ ಜಾವಕ್ಕೆ ತಣ್ಣಗಾಗಿರುತ್ತದೆ. ಚಳ್ಳಕೆರೆಯ ಕಂಬಳಿ ಹೆಸರಾದದ್ದು ಸುಮ್ಮನೆ ಅಲ್ಲ. ಕುರಿಯನ್ನು ಸಾಕುವ ಹುಲ್ಲುಗಾವಲು ಇಲ್ಲಿಯೇ ಇತ್ತು, ಉಣ್ಣೆ ನೂಲುವ ಕೈಗಳೂ ಇಲ್ಲಿಯೇ ಇದ್ದವು, ಹೊದೆಯಬೇಕಾದ ಚಳಿಯೂ ಇಲ್ಲಿಯೇ ಇತ್ತು.

ಮನೆ ಕಟ್ಟುವುದರಲ್ಲಿಯೂ ಎರಡು ಸೀಮೆಗಳ ಜಾಣತನ ಬೇರೆ ಬೇರೆ. ಬಯಲುಸೀಮೆಯ ಹಳೆಯ ಮಾಳಿಗೆ ಮನೆಗೆ ದಪ್ಪ ಗೋಡೆ, ಮಣ್ಣಿನ ಚಪ್ಪಟೆ ಸೂರು, ಚಿಕ್ಕ ಕಿಟಕಿ. ಹಗಲಿನ ಶಾಖ ಒಳಗೆ ಬರುವಷ್ಟರಲ್ಲಿ ಸಂಜೆಯಾಗಿರುತ್ತದೆ. ಕರಾವಳಿಯ ಮನೆಗೆ ಇಳಿಜಾರು ಮಾಡು, ಗಾಳಿಯಾಡುವ ಜಗಲಿ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ 'ಮಂಗಳೂರು ಹೆಂಚು' ದೇಶವಿದೇಶಗಳಿಗೆ ಹೋಯಿತು. ಇಂದು ಎರಡು ಊರುಗಳಲ್ಲಿಯೂ ಒಂದೇ ಬಗೆಯ ಕಾಂಕ್ರೀಟು ಪೆಟ್ಟಿಗೆಗಳು ಏಳುತ್ತಿವೆ. ಅವು ಚಳ್ಳಕೆರೆಯಲ್ಲಿ ಕಾದ ಹೆಂಚಾಗುತ್ತವೆ, ಮಂಗಳೂರಿನಲ್ಲಿ ಪಾಚಿ ಕಟ್ಟುತ್ತವೆ.

ನೀರಿನ ಲೆಕ್ಕ

ಬಾಳಿನ ಹಿತವನ್ನು ಅಳೆಯುವಾಗ ಬಿಸಿಲಿಗಿಂತ ಮುಖ್ಯವಾದದ್ದು ನೀರು. ಇಲ್ಲಿ ಕಡಲ ಕರೆಯವರು ಸುಲಭವಾಗಿ ಗೆಲ್ಲಬೇಕಷ್ಟೆ? ಆದರೆ 2016ರ ಮತ್ತು 2019ರ ಬೇಸಗೆಗಳಲ್ಲಿ ಮಂಗಳೂರು ನಗರಕ್ಕೆ ಸರದಿಯ ಮೇಲೆ ನೀರು ಬಿಡಬೇಕಾಯಿತು. ನಗರ ನೆಚ್ಚಿಕೊಂಡಿರುವುದು ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿರುವ ಕಿಂಡಿ ಅಣೆಕಟ್ಟನ್ನು. ಘಟ್ಟದಲ್ಲಿ ಹುಟ್ಟಿದ ಹೊಳೆ ಕಡಿದಾದ ಇಳಿಜಾರಿನಲ್ಲಿ ಬೇಗನೆ ಕಡಲನ್ನು ಸೇರುತ್ತದೆ. ಬಿದ್ದ ನೀರನ್ನು ತೂತು ತೂತಾದ ಮುರಕಲ್ಲಿನ ನೆಲ ಬಹುಕಾಲ ಹಿಡಿದಿಡದು. ನಾಲ್ಕು ತಿಂಗಳು ನೀರಿನ ಜಾತ್ರೆ, ಏಪ್ರಿಲ್–ಮೇ ಬಂದಾಗ ಬಾವಿಯ ತಳ. ಕಡಲಿಗೆ ತೀರ ಹತ್ತಿರದ ಬಾವಿಗಳಲ್ಲಿ ಉಪ್ಪಿನ ಕಾಟ ಬೇರೆ. ಮಳೆ ಹೆಚ್ಚಾದ ಮಾತ್ರಕ್ಕೆ ನೀರಿನ ಭದ್ರತೆ ಬಂದಂತಾಗಲಿಲ್ಲ. ನಿಂತ ನೀರಿನ ಸೊಳ್ಳೆಯಿಂದ 1990ರ ನಂತರ ಮಂಗಳೂರು ಬಹುಕಾಲ ಮಲೇರಿಯಾದೊಡನೆ ಹೆಣಗಿತು ಎಂಬುದನ್ನೂ ಲೆಕ್ಕಕ್ಕೆ ಸೇರಿಸಬೇಕು.

ಒಣಸೀಮೆಯ ಹಿರಿಯರಿಗೆ ಈ ಸತ್ಯ ಗೊತ್ತಿತ್ತು. ಬೀಳುವ ಹನಿ ಕಡಮೆಯಾದ್ದರಿಂದ ಅವರು ಕೆರೆಗಳನ್ನು ಕಟ್ಟಿದರು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳನ್ನು ಜನ ಇಂದಿಗೂ ನೆನೆಯುವುದು ಕೆರೆ ಕಟ್ಟಿಸಿದ ಮಹನೀಯರೆಂದು. "ಮಾಡಿದಷ್ಟು ನೀಡು ಭಿಕ್ಷೆ" ಎಂಬ ಅವರ ಹೆಸರಿನ ಮಾತು ಈ ನಾಡಿನ ನಾಲಿಗೆಯ ಮೇಲಿದೆ. ದುಡಿದವನಿಗೆ ದುಡಿದಷ್ಟು ಸಿಗಲಿ ಎಂಬುದು ಅದರ ಭಾವ. ಇದೇ ಜಿಲ್ಲೆಯಲ್ಲಿ ವೇದಾವತಿಗೆ ಅಡ್ಡವಾಗಿ 1907ರಲ್ಲಿ ಪೂರ್ಣವಾದ ವಾಣಿವಿಲಾಸ ಸಾಗರ, ಎಂದರೆ ಮಾರಿಕಣಿವೆ, 30 ಶತಕೋಟಿ ಘನ ಅಡಿ ನೀರನ್ನು ಹಿಡಿಯಬಲ್ಲದು. ಅದು 1933ರಲ್ಲಿ ಕೋಡಿಬಿದ್ದ ಮೇಲೆ ಮತ್ತೆ ಕೋಡಿಬಿದ್ದದ್ದು 2022ರಲ್ಲಿ. ನಡುವೆ 89 ವರ್ಷಗಳ ಕಾಯುವಿಕೆ. 2025ರ ಜನವರಿಯಲ್ಲಿ ಇನ್ನೊಮ್ಮೆ ಕೋಡಿ ಹರಿಯಿತು.

ಕೆರೆಗಳು ಹೂಳು ತುಂಬಿ ಬತ್ತಿದ ಮೇಲೆ ಜನ ಕೊಳವೆ ಬಾವಿಗೆ ಮೊರೆಹೋದರು. ಇಲ್ಲಿಯೇ ದೊಡ್ಡ ಕೇಡು ಅಡಗಿದೆ. ಈ ಸೀಮೆಯ ಕಣಶಿಲೆಯ ಬಿರುಕುಗಳಲ್ಲಿ ಬಹುಕಾಲ ನಿಂತ ಆಳದ ನೀರು ಬಂಡೆಯಿಂದ ಫ್ಲೋರೈಡನ್ನು ಕರಗಿಸಿಕೊಂಡಿರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚು ಫ್ಲೋರೈಡ್ ಇರಕೂಡದೆಂಬುದು ನಿಯಮ. ಚಳ್ಳಕೆರೆ, ಮೊಳಕಾಲ್ಮೂರು, ಪಕ್ಕದ ಪಾವಗಡ ತಾಲ್ಲೂಕುಗಳ ಎಷ್ಟೋ ಹಳ್ಳಿಗಳಲ್ಲಿ ಈ ಎಲ್ಲೆ ಮೀರಿದೆ. ಬೆಳೆಯುವ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ. ವರ್ಷಗಟ್ಟಲೆ ಕುಡಿದವರ ಕೀಲುಗಳು ಬಿಗಿದು ಬೆನ್ನು ಬಾಗುತ್ತದೆ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ. ಈ ಮಾತನ್ನು ಮನೆಯ ಹೆಣ್ಣುಮಕ್ಕಳು ಅವಶ್ಯವಾಗಿ ನೆನಪಿಡಬೇಕು.

ಪರಿಹಾರ ತಲೆಯ ಮೇಲೆಯೇ ಇದೆ. ಮಳೆಯ ನೀರಿನಲ್ಲಿ ಈ ಫ್ಲೋರೈಡಿನ ಕಾಟವಿಲ್ಲ. ನಿಮ್ಮ ಮನೆಯ ಸೂರು 100 ಚದರ ಮೀಟರ್ ಇದೆಯೆಂದಿಟ್ಟುಕೊಳ್ಳಿ. 500 ಮಿಲಿಮೀಟರ್ ಮಳೆಯೆಂದರೆ ಆ ಸೂರಿನ ಮೇಲೆ ವರ್ಷಕ್ಕೆ 50,000 ಲೀಟರ್ ಬೀಳುತ್ತದೆ. ಐದು ಜನರ ಕುಟುಂಬಕ್ಕೆ ಕುಡಿಯಲು, ಅಡುಗೆಗೆ ದಿನಕ್ಕೆ 40 ಲೀಟರ್ ಸಾಕೆಂದರೆ ವರ್ಷಕ್ಕೆ 14,600 ಲೀಟರ್. ಬಿದ್ದ ಮಳೆಯ ಮೂರನೆಯ ಒಂದು ಪಾಲನ್ನು ತೊಟ್ಟಿಯಲ್ಲಿ ಹಿಡಿದರೂ ಸಾಲುತ್ತದೆ! ಮೊದಲ ಮಳೆಯ ನೀರು ಸೂರನ್ನು ತೊಳೆದು ಹೊರಹೋಗಲಿ. ಆಮೇಲಿನದನ್ನು ಮರಳು, ಇದ್ದಿಲುಗಳಲ್ಲಿ ಸೋಸಿ, ಬೆಳಕು ಬೀಳದಂತೆ ಮುಚ್ಚಿಡಬೇಕು. ಕುಡಿಯುವ ಮುನ್ನ ಕುದಿಸಿ ಆರಿಸಬೇಕು. ಮಳೆಯ ನೀರಿಗೆ ಕುದಿಸುವುದು ಹಿತವೇ; ಅದು ಕೊಲ್ಲುವುದು ಕ್ರಿಮಿಗಳನ್ನು. ತುಂಗಭದ್ರೆಯ ಹಿನ್ನೀರನ್ನು ಈ ಭಾಗಕ್ಕೆ ತರುವ ಕುಡಿಯುವ ನೀರಿನ ಯೋಜನೆಯೂ ಕೈಗೊಂಡದ್ದೇ. ಆದರೆ ದೂರದ ಹೊಳೆ ಬಂದರೂ ಸ್ವಂತ ಸೂರಿನ ನೀರನ್ನು ಬಿಡುವುದು ವಿವೇಕವಲ್ಲ.

ದುಡಿಮೆ ಮತ್ತು ವಿದ್ಯೆ

ನೀರಿನ ನಂತರ ಅನ್ನದ ಮಾತು. ಚಳ್ಳಕೆರೆಗೆ 'ಎಣ್ಣೆ ನಗರ'ವೆಂಬ ಹೆಸರು ಬಂದದ್ದು ಕಡಲೆಕಾಯಿಯಿಂದ. ಸುತ್ತಣ ಕೆಂಪು ಮಣ್ಣಿನಲ್ಲಿ ಬೆಳೆದ ಕಾಯಿ ಇಲ್ಲಿಯ ಗಿರಣಿಗಳಲ್ಲಿ ಎಣ್ಣೆಯಾಗಿ ಊರೂರಿಗೆ ಹೋಗುತ್ತಿತ್ತು. ಹೂ ಬಿಟ್ಟ ಗಿಡದ ಎಳೆ ಮಣ್ಣಿಗಿಳಿದು ಕಾಯಿ ಕಟ್ಟುವ ಹೊತ್ತಿಗೆ ಒಂದು ಹದ ಮಳೆ ತಪ್ಪಿದರೆ ಗಿಡವಿದ್ದೂ ಕಾಯಿಯಿಲ್ಲ. ಮಳೆಯ ಈ ಜೂಜಿನ ಜೊತೆಗೆ ಹೊರದೇಶದ ಅಗ್ಗದ ತಾಳೆ ಎಣ್ಣೆ ಬಂದು ಹಲವು ಗಿರಣಿಗಳು ಬಾಗಿಲು ಮುಚ್ಚಿದವು. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಆದರೂ ನೇಯುವ ಕೈಗೆ ಸಿಗುವ ಕೂಲಿ ಸೀರೆಯ ಸೊಬಗಿಗೆ ಸಮನಾಗಿಲ್ಲ.

ಮಂಗಳೂರಿನ ಸಿರಿ ಬರಿಯ ಮಳೆಯಿಂದ ಬಂದದ್ದಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಅಲ್ಲಿಂದ 1843ರಲ್ಲಿ ಹೊರಟಿತು. ಸಂತ ಅಲೋಶಿಯಸ್ ಕಾಲೇಜು 1880ರಲ್ಲಿ, ಕೆನರಾ ಬ್ಯಾಂಕು 1906ರಲ್ಲಿ, ಕರ್ಣಾಟಕ ಬ್ಯಾಂಕು 1924ರಲ್ಲಿ ಅಲ್ಲಿ ಹುಟ್ಟಿದವು. ಪುಡಿಗಾಸನ್ನು ಕೂಡಿಡಲು ಬ್ಯಾಂಕು, ಮಕ್ಕಳನ್ನು ಕಳಿಸಲು ಶಾಲೆ, ಸರಕು ಸಾಗಿಸಲು ಬಂದರು, ಇವು ಒಂದರ ಕೈ ಒಂದು ಹಿಡಿದು ಬೆಳೆದವು. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ನೂರಕ್ಕೆ 88ನ್ನು ಮೀರಿದ್ದರೆ ಚಿತ್ರದುರ್ಗ ಜಿಲ್ಲೆಯದು 73ನ್ನು ಮೀರಿತ್ತು. ಪ್ರಾದೇಶಿಕ ಅಸಮಾನತೆಯನ್ನು ಪರಿಶೀಲಿಸಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಒಪ್ಪಿಸಿದಾಗ, ಅದು ಹಿಂದುಳಿದವೆಂದು ಗುರುತಿಸಿದ 114 ತಾಲ್ಲೂಕುಗಳಲ್ಲಿ ಚಳ್ಳಕೆರೆ, ಮೊಳಕಾಲ್ಮೂರುಗಳೂ ಇದ್ದವು. ಈ ಹದಿನೈದರ ಅಂತರವನ್ನು ಮೋಡದ ಮೇಲೆ ಹೊರಿಸಲು ಬಾರದು. ಶಾಲೆಯನ್ನು ಕಟ್ಟುವುದಕ್ಕೆ ಮಾನ್ಸೂನ್ ಬೇಕಿಲ್ಲ. ತಳುಕಿನಂಥ ಪುಟ್ಟ ಊರಿನಿಂದ ಬಂದ ಟಿ. ಎಸ್. ವೆಂಕಣ್ಣಯ್ಯನವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡದ ಪ್ರಾಧ್ಯಾಪಕರಾಗಿ ಕುವೆಂಪು ಅವರಿಗೆ ಗುರುವಾದರು. ಒಣನೆಲದಲ್ಲಿ ವಿದ್ಯೆ ಬೆಳೆಯದೆನ್ನುವವರಿಗೆ ಇದೇ ಉತ್ತರ.

ಈಚೆಗೆ ಚಳ್ಳಕೆರೆಗೆ 'ವಿಜ್ಞಾನ ನಗರಿ'ಯೆಂಬ ಇನ್ನೊಂದು ಹೆಸರು ಸೇರಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ ಕುದಾಪುರದಲ್ಲಿದೆ. ರಕ್ಷಣಾ ಸಂಶೋಧನಾ ಸಂಸ್ಥೆಯ ವಿಮಾನ ಪರೀಕ್ಷಾ ನೆಲೆ 2017ರಲ್ಲಿ ಆರಂಭವಾಯಿತು. ನಿರ್ಮಲವಾದ ಆಕಾಶ, ವಿಶಾಲವಾದ ಬಯಲು, ಎಂದರೆ ನಾವು ಕೊರತೆಯೆಂದು ಎಣಿಸಿದ್ದೇ ಇಲ್ಲಿ ಸಂಪತ್ತಾಯಿತು. ಆದರೆ ಈ ಸಂಸ್ಥೆಗಳಿಗೆ ಕೊಟ್ಟ ಸಾವಿರಾರು ಎಕರೆ ನೆಲ ಅಮೃತಮಹಲ್ ಕಾವಲು. ಅಲ್ಲಿಯ ಹುಲ್ಲನ್ನು ನಂಬಿ ಕುರಿ, ದನಗಳನ್ನು ಸಾಕಿದ ಹಟ್ಟಿಗಳ ಜನ ತಮ್ಮ ಮೇವಿನ ದಾರಿ ಮುಚ್ಚಿತೆಂದು ದೂರಿದರು. ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ನೋಡುವವರಿಗೆ ಬರಡಾಗಿ ಕಂಡ ನೆಲ ಬಾಳುವವರಿಗೆ ಬರಡಾಗಿರಲಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಎರಡು ಊರುಗಳ ತೂಕ

ಲೆಕ್ಕವನ್ನು ಒಟ್ಟುಗೂಡಿಸೋಣ. ಆಸ್ಪತ್ರೆ, ಕಾಲೇಜು, ಕೆಲಸಗಳಲ್ಲಿ ಕಡಲ ಕರೆಯ ನಗರ ಬಹಳ ಮುಂದು. ಮನೆಯ ಬಾಡಿಗೆ, ಒಣ ಹವೆ, ಕೈಗೆಟಕುವ ದೂರದಲ್ಲಿರುವ ಪೇಟೆ, ಇವುಗಳಲ್ಲಿ ಚಳ್ಳಕೆರೆಗೆ ಅನುಕೂಲ. ಎರಡೂ ಕಡೆ ನೀರಿನ ಕಷ್ಟವಿದೆ; ಒಂದು ಕಡೆ ಬೀಳದ ಕಷ್ಟ, ಇನ್ನೊಂದು ಕಡೆ ಬಿದ್ದುದನ್ನು ಹಿಡಿಯದ ಕಷ್ಟ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅಲ್ಲಿ ಅಗೆಸಿದಾಗ ಕಲ್ಲಿನ ಕೊಡಲಿಯ ಕಾಲದಿಂದ ಜನ ಅಲ್ಲಿ ನೆಲೆಸಿದ್ದರೆಂಬುದು ಕಂಡುಬಂತು. ಎರಡು ಸಾವಿರ ವರ್ಷಗಳಿಗೂ ಹಿಂದೆ ಇಸಿಲವೆಂಬ ಪಟ್ಟಣವಿದ್ದ ಈ ಸೀಮೆ ಬಾಳಲು ಯೋಗ್ಯವಲ್ಲವೆಂದು ಯಾರು ಹೇಳಬಲ್ಲರು? ಊರಿನ ಮಳೆಯನ್ನು ನಾವು ಹೆಚ್ಚಿಸಲಾರೆವು. ಸೂರಿನ ನೀರನ್ನು ಹಿಡಿಯುವುದು, ಕೆರೆಯ ಹೂಳೆತ್ತುವುದು, ಮಗುವಿನ ಲೋಟದಲ್ಲಿರುವ ನೀರು ಎಲ್ಲಿಂದ ಬಂತೆಂದು ಕೇಳುವುದು ನಮ್ಮ ಕೈಯಲ್ಲಿದೆ. ಬರುವ ಉತ್ತರೆ ಮಳೆಗೆ ಮುಂಚೆ ನಿಮ್ಮ ಮನೆಯ ಸೂರನ್ನು ಒಮ್ಮೆ ಅಳೆದು ನೋಡಿ.