ಓಡುವ ಮಕ್ಕಳ ಬುತ್ತಿ

ಶಾಲೆಯ ಕ್ರೀಡಾಕೂಟದಲ್ಲಿ ಮಗಳು 800 ಮೀಟರ್ ಓಟವನ್ನು ಗೆದ್ದು ತಾಲೂಕು ಮಟ್ಟಕ್ಕೆ ಆಯ್ಕೆಯಾದಳೆಂದರೆ ಮನೆಯವರಿಗೆಲ್ಲ ಹಿಗ್ಗು. ಮರುದಿನವೇ ಚರ್ಚೆ ಆರಂಭವಾಗುತ್ತದೆ. ದೈಹಿಕ ಶಿಕ್ಷಕರು ಮೊಟ್ಟೆ ತಿನ್ನಿಸಿರಿ ಎನ್ನುತ್ತಾರೆ. ನಮ್ಮ ಮನೆತನಕ್ಕೆ ಅದು ಸಲ್ಲದು ಎಂದು ಅಜ್ಜಿ ಮುಖ ತಿರುಗಿಸುತ್ತಾರೆ. ನೆರೆಯವರು ಪೇಟೆಯಲ್ಲಿ ಸಿಗುವ ಪುಡಿಯ ಡಬ್ಬಿಯೊಂದರ ಹೆಸರು ಹೇಳುತ್ತಾರೆ. ತಂದೆ ಬೂಟಿನ ಬೆಲೆ ಕೇಳಿ ಸುಮ್ಮನಾಗುತ್ತಾರೆ. ಇದರ ನಡುವೆ ಹುಡುಗಿ ಬೆಳಗಿನ ಐದೂವರೆಗೆ ಬರಿಹೊಟ್ಟೆಯಲ್ಲಿ ಓಡಿ ಬಂದು, ಸ್ನಾನ ಮುಗಿಸಿ, ಒಂದು ಲೋಟ ಚಹಾ ಕುಡಿದು ಶಾಲೆಗೆ ನಡೆಯುತ್ತಾಳೆ. ಅವಳು ಉಂಡಳೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ.

ಓಡುವ ವಿದ್ಯಾರ್ಥಿಗೆ ನಿತ್ಯವೂ ಬೇಕಾದುದರಲ್ಲಿ ಮೊದಲನೆಯದು ಹೊಟ್ಟೆ ತುಂಬ ಊಟ. ಮಾತು ತೀರ ಸಾಮಾನ್ಯವಾಗಿ ಕಾಣುತ್ತದೆ, ತಪ್ಪುವುದೂ ಇಲ್ಲಿಯೇ. ಬೆಳೆಯುವ ವಯಸ್ಸಿನ ದೇಹಕ್ಕೆ ಬೆಳವಣಿಗೆಯದೊಂದು ಖರ್ಚು, ಓಟದ್ದು ಮತ್ತೊಂದು. ಎರಡಕ್ಕೂ ಸಾಲದಷ್ಟು ಆಹಾರ ದೊರೆತಾಗ ದೇಹವು ಉಳಿದ ಕೆಲಸಗಳಲ್ಲಿ ಉಳಿತಾಯಕ್ಕೆ ತೊಡಗುತ್ತದೆ. ಹೆಣ್ಣುಮಕ್ಕಳ ಮುಟ್ಟು ಏರುಪೇರಾಗುತ್ತದೆ, ಮೂಳೆ ಬಲಹೀನವಾಗುತ್ತದೆ, ನೆಗಡಿ ಜ್ವರಗಳು ಮರಳಿ ಮರಳಿ ಬರುತ್ತವೆ, ಮನಸ್ಸು ಸಿಡುಕುತ್ತದೆ. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು ಈ ಶಕ್ತಿಯ ಕೊರತೆಗೆ ಪ್ರತ್ಯೇಕ ಹೆಸರನ್ನೇ ಇಟ್ಟು, ಇದು ಗಂಡುಮಕ್ಕಳನ್ನೂ ಕಾಡುತ್ತದೆಂದು ಎಚ್ಚರಿಸಿದರು. ದುರ್ದೈವವೆಂದರೆ ವೇಗ ಕುಗ್ಗಿದ ಮಗುವನ್ನು ಕಂಡು ನಾವು ಅಭ್ಯಾಸ ಸಾಲದೆಂದು ತಿಳಿದು ಇನ್ನೂ ನಾಲ್ಕು ಸುತ್ತು ಓಡಿಸುತ್ತೇವೆ. ಮೂರು ತಿಂಗಳು ಮುಟ್ಟಾಗದಿದ್ದರೆ, ಓಡುವವರಿಗೆ ಹಾಗಾಗುವುದು ಸಹಜವೆಂಬ ಮಾತನ್ನು ನಂಬದೆ ಮಗಳನ್ನು ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಇನ್ನು ಮೊಟ್ಟೆಯ ಪ್ರಶ್ನೆ. 50 ಕಿಲೋ ತೂಕದ ಓಟಗಾರ್ತಿಗೆ ದಿನಕ್ಕೆ ಸುಮಾರು 60 ಗ್ರಾಂ ಪ್ರೋಟೀನು ಬೇಕು. ನಮ್ಮ ಅಡುಗೆಮನೆಯಲ್ಲಿಯೇ ಲೆಕ್ಕ ಹಾಕಿ ನೋಡಬಹುದು. 200 ಗ್ರಾಂ ಜೋಳದ ಅಥವಾ ಗೋಧಿಯ ಹಿಟ್ಟಿನ ರೊಟ್ಟಿ ಚಪಾತಿಗಳಿಂದ 20 ಗ್ರಾಂ. ಇಡೀ ದಿನದ ಬೇಳೆ, ಹೆಸರುಕಾಳು, ಕಡಲೆ ಸೇರಿ 100 ಗ್ರಾಂ ಆದರೆ 20ಕ್ಕೂ ಹೆಚ್ಚು. ಅರ್ಧ ಲೀಟರು ಹಾಲು ಮೊಸರಿನಿಂದ 16. ಒಂದು ಹಿಡಿ ಶೇಂಗಾದಿಂದ 7. ಅಲ್ಲಿಗೆ ಲೆಕ್ಕ ತುಂಬಿತು. ಅಜ್ಜಿಯೂ ಗೆದ್ದರು, ಶಿಕ್ಷಕರ ಕಾಳಜಿಗೂ ಉತ್ತರ ಸಿಕ್ಕಿತು. ಆದರೆ ತಟ್ಟೆಯಲ್ಲಿ ಅನ್ನವೇ ತುಂಬಿ, ಅದರ ಮೇಲೆ ತಿಳಿಸಾರು ಹರಿದಾಡುತ್ತಿದ್ದರೆ ಈ ಲೆಕ್ಕ ನಿಲ್ಲುವುದಿಲ್ಲ. ಹಾಲು ಮೊಸರನ್ನಂತೂ ಬಿಡಲಾಗದು. ಸಸ್ಯಾಹಾರಿಗಳಿಗೆ ಬಿ-12 ಜೀವಸತ್ವ ದೊರೆಯುವುದು ಮುಖ್ಯವಾಗಿ ಅವುಗಳಿಂದಲೇ. ಮೂಳೆಗೆ ಬೇಕಾದ ಸುಣ್ಣದ ಅಂಶ ರಾಗಿ ಎಳ್ಳುಗಳಲ್ಲಿಯೂ ಹೇರಳವಾಗಿದೆ. ಡಬ್ಬಿಯ ಪುಡಿಗೆ ಸುರಿಯುವ ಹಣದಲ್ಲಿ ತಿಂಗಳ ಶೇಂಗಾ ಬೆಲ್ಲ ಬಂದು ಉಳಿಯುತ್ತದೆ.

ಕಬ್ಬಿಣದ ಅಂಶದ ವಿಷಯದಲ್ಲಿ ಇಷ್ಟು ನಿಶ್ಚಿಂತೆ ಸಲ್ಲದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19ರ ಹರೆಯದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿ ರಕ್ತಹೀನರು. ರಕ್ತದಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕೆಳಗಿದ್ದರೆ ಎಷ್ಟು ಅಭ್ಯಾಸ ಮಾಡಿದರೂ ಉಸಿರು ಸಾಲದು. ಕಾಳು ಸೊಪ್ಪುಗಳ ಕಬ್ಬಿಣವು ದೇಹಕ್ಕೆ ಸುಲಭವಾಗಿ ಹತ್ತುವುದಿಲ್ಲ. ನಿಂಬೆಹುಳಿ, ಪೇರಲಹಣ್ಣು, ನೆಲ್ಲಿಕಾಯಿ ಜೊತೆಗಿದ್ದರೆ ಹತ್ತುತ್ತದೆ. ಊಟದ ಬೆನ್ನಿಗೇ ಕುಡಿಯುವ ಚಹಾ ಅದನ್ನು ತಡೆಯುತ್ತದೆ. ಆದ್ದರಿಂದ ಚಹಾಕ್ಕೂ ಊಟಕ್ಕೂ ಒಂದು ತಾಸಿನ ಅಂತರವಿರಲಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣದ ಗುಳಿಗೆಯನ್ನು ಅನೇಕ ಹುಡುಗಿಯರು ಹೊಟ್ಟೆ ತೊಳಸುತ್ತದೆಂದು ಎಸೆದುಬಿಡುತ್ತಾರೆ. ಬರಿಹೊಟ್ಟೆಯಲ್ಲಿ ನುಂಗಿದರೆ ತೊಳಸುವುದು ನಿಜ. ಊಟದ ನಂತರ ನುಂಗಿದರೆ ಆ ತೊಂದರೆ ಬಹಳಷ್ಟು ತಗ್ಗುತ್ತದೆ.

ಇಲ್ಲಿಯೇ ಉಪವಾಸದ ಮಾತೂ ಬರುತ್ತದೆ. ಮಳೆಗಾಲದ ಶಾಲಾ ಕ್ರೀಡಾಕೂಟಗಳು ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ನಡೆಯುತ್ತವೆ. ನಮ್ಮ ಶ್ರಾವಣವೂ ಅದೇ ಹೊತ್ತಿಗೆ. ಸೋಮವಾರ ಒಪ್ಪತ್ತು ಮಾಡುವ ಹಿರಿಯರನ್ನು ನೋಡಿ ಮಕ್ಕಳೂ ಮಾಡುತ್ತಾರೆ, ಸಂಜೆ ಮೈದಾನಕ್ಕೂ ಹೋಗುತ್ತಾರೆ. ಭಕ್ತಿಗೆ ಅಡ್ಡಿ ಹೇಳುವುದು ನನ್ನ ಉದ್ದೇಶವಲ್ಲ. ಹನ್ನೆರಡನೆಯ ಶತಮಾನದ ಶರಣರು ದೇಹದಂಡನೆಯನ್ನು ಹೊಗಳಿದವರಲ್ಲ ಎಂಬುದನ್ನು ಮಾತ್ರ ನೆನಪಿಸಬಯಸುತ್ತೇನೆ. ವ್ರತ ಬೇಕೇಬೇಕೆಂದರೆ ಅಂದು ಓಟಕ್ಕೆ ಬಿಡುವು ಕೊಡಿರಿ. ಹಾಲು, ಬಾಳೆಹಣ್ಣು, ಶೇಂಗಾ ಉಂಡಿಯಾದರೂ ಹೊಟ್ಟೆಗೆ ಬೀಳಲಿ.

ನಿತ್ಯದ ಇಷ್ಟಲಿಂಗ ಪೂಜೆಗೂ ಓಟಕ್ಕೂ ಹೊಂದಿಕೆ ಕಷ್ಟವೇನಲ್ಲ. ಪೂಜೆಗೆ ಮುನ್ನ ಏನನ್ನೂ ಸೇವಿಸದ ಮನೆಗಳಲ್ಲಿ, ಓಡಿ ಬಂದ ಮಗು ಸ್ನಾನಕ್ಕೂ ನೀರಿಗೂ ಸರದಿ ಕಾಯುತ್ತ ಎರಡು ತಾಸು ಹಸಿದಿರುವುದುಂಟು. ಓಡಿದ ಒಂದು ತಾಸಿನೊಳಗೆ ಆಹಾರ ಸಿಕ್ಕರೆ ದಣಿದ ಸ್ನಾಯುಗಳು ಬೇಗ ಚೇತರಿಸಿಕೊಳ್ಳುತ್ತವೆ. ಆದುದರಿಂದ ಬಚ್ಚಲು ಮೊದಲು ಅವರಿಗೇ ಸಿಗಲಿ. ಪೂಜೆ ಮುಗಿಯುವ ಹೊತ್ತಿಗೆ ತಾಯಿಯ ಒಲೆಯ ಮೇಲಿನ ಉಪ್ಪಿಟ್ಟು ಸಿದ್ಧವಾಗಿರಲಿ. ನಸುಕಿನಲ್ಲಿಯೇ ಎದ್ದು ಪೂಜೆ ಮುಗಿಸಿ, ಒಂದು ಬಾಳೆಹಣ್ಣು ತಿಂದು ಓಡಲು ಹೋಗುವುದು ಇನ್ನೂ ಲೇಸು. ಆದರೆ ಹಾಗೆ ಏಳಬೇಕಾದರೆ ರಾತ್ರಿ ಒಂಬತ್ತಕ್ಕೆ ಮಲಗಬೇಕು. ಹದಿಹರೆಯದವರಿಗೆ 8ರಿಂದ 10 ತಾಸುಗಳ ನಿದ್ರೆ ಅವಶ್ಯ. ಮೊಬೈಲ್ ಫೋನು ರಾತ್ರಿ ಅಡುಗೆಮನೆಯಲ್ಲಿ ಮಲಗಲಿ, ಮಗು ಹಾಸಿಗೆಯಲ್ಲಿ ಮಲಗಲಿ.

ಬೂಟಿನ ವಿಷಯ ಸಂಕ್ಷೇಪವಾಗಿ ಹೇಳಿದರೆ ಸಾಕು. ಬೆಲೆಗಿಂತ ಅಳತೆ ಮುಖ್ಯ. ಕಾಲು ತುಸು ಊದಿರುವ ಸಂಜೆಯ ಹೊತ್ತು ಕೊಳ್ಳಬೇಕು, ಹೆಬ್ಬೆರಳಿನ ಮುಂದೆ ಅಂಗುಲದ ಅರ್ಧದಷ್ಟು ಜಾಗವಿರಬೇಕು. ಒಂದು ಜೊತೆ ಬಾಳುವುದು 500ರಿಂದ 800 ಕಿಲೋಮೀಟರು. ವಾರಕ್ಕೆ 30 ಕಿಲೋಮೀಟರು ಓಡುವವರಿಗೆ ಅದು ನಾಲ್ಕರಿಂದ ಆರು ತಿಂಗಳು. ಅಣ್ಣನ ಹಳೆಯ ಬೂಟು ತಮ್ಮನಿಗೆ ಬೇಡ. ಹೆಣ್ಣುಮಕ್ಕಳಿಗೆ ಸರಿಯಾಗಿ ಹೊಂದುವ ಒಳಉಡುಪು ಕೊಡಿಸುವಲ್ಲಿ ತಾಯಂದಿರು ಸಂಕೋಚಪಡಬಾರದು. ಅದಿಲ್ಲದ ಕಾರಣಕ್ಕೆ ಓಟವನ್ನೇ ಬಿಡುವ ಹುಡುಗಿಯರಿದ್ದಾರೆ. ಬಿಸಿಲಿನ ದಿನ ನೀರಿನೊಡನೆ ಉಪ್ಪು ಹಾಕಿದ ಮಜ್ಜಿಗೆ ಇರಲಿ. ವಾರದಲ್ಲಿ ಒಂದು ದಿನ ಪೂರ್ಣ ವಿಶ್ರಾಂತಿ.

ಸಂತೋಷವೂ ಆರೋಗ್ಯದಷ್ಟೇ ಅಗತ್ಯ. ಮೂರನೆಯ ಸ್ಥಾನ ಬಂದ ಸಂಜೆ ಮೊದಲನೆಯ ಸ್ಥಾನ ಪಡೆದವರ ಮಗಳ ಮಾತೆತ್ತುವ ತಂದೆ ಆ ರಾತ್ರಿಯ ಊಟವನ್ನು ಕಹಿ ಮಾಡುತ್ತಾನೆ. ತೂಕದ ಬಗ್ಗೆ ಹಗುರಾದ ಮಾತು ಇನ್ನೂ ಕೆಟ್ಟದ್ದು. ಹುಡುಗಿಯರು ಉಣ್ಣುವುದನ್ನು ಬಿಡುವುದು ಬಹುಮಟ್ಟಿಗೆ ಇಂಥ ಮಾತಿನಿಂದಲೇ. ಓಟವನ್ನು ನೋಡಲು ಮೈದಾನಕ್ಕೆ ಹೋಗಿ ನಿಲ್ಲಿರಿ, ಅಷ್ಟು ಸಾಕು. ಹೋಗುವಾಗ ಬುತ್ತಿಯಲ್ಲಿ ನಾಲ್ಕು ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಹೆಚ್ಚಿಗೆ ಕಟ್ಟಿರಿ. ಮಗಳ ಜೊತೆ ಓಡಿದ ಗೆಳತಿಯರಲ್ಲಿ ಬುತ್ತಿ ತಾರದೆ ಬಂದವರು ಒಬ್ಬಿಬ್ಬರಾದರೂ ಇರುತ್ತಾರೆ.